ಟಿಕೆಟಿನ ಹಿಂಬದಿ

ಬೆಂಗ್ರೆಯಿಂದ ಬಂದರಿಗೆ ಏಳು ನಿಮಿಷ,
ಅಳಿವೆಯಲ್ಲಿ ಸೆಳೆತವಿದ್ದರೆ ಒಂಬತ್ತು.
ದಿನಕ್ಕೆ ಎಷ್ಟು ಸಲ ದಾಟುತ್ತೇನೋ
ಲೆಕ್ಕ ಟಿಕೆಟಿನ ಕಟ್ಟಿಗೆ ಗೊತ್ತು.

ಈಗ ಅದರ ಹಿಂಬದಿಗೂ ಒಂದು ಲೆಕ್ಕ.
ಮಂಗಳವಾರ: ಕಿವಿ ಮುಚ್ಚಿಕೊಂಡದ್ದು ನಾಲ್ಕು ಸಲ,
ಕೈ ಕಚ್ಚಿಕೊಂಡದ್ದು ಎರಡು.
ಮೊದಲು ಏನಾಯಿತು? ಎಂಜಿನ್ ಶುರುವಾಯಿತು.
ಆಮೇಲೆ ಏನಾಯಿತು? ನಾನು ಬೈದೆ.
ಅದನ್ನೂ ಬರೆಯಬೇಕು ಎಂದಿದ್ದಾರೆ ವಿಲ್ಮಾ ಟೀಚರ್.
ಬರೆದಿದ್ದೇನೆ.

ಕಂಕನಾಡಿಯ ಎರಡನೇ ಮಾಳಿಗೆ, ಚಪ್ಪಲಿ ಹೊರಗೆ.
ಗೋಡೆಯಲ್ಲಿ ಹನ್ನೊಂದು ಚಿತ್ರ,
ಒಂದು ಸಲ ಕೈ ತೊಳೆಯುವುದಕ್ಕೆ.
ನಳ ತಿರುಗಿಸು, ಒದ್ದೆ ಮಾಡು, ಸೋಪು ಹಿಡಿ, ಉಜ್ಜು.
ಐದನೆಯದರಲ್ಲಿ ನಮ್ಮ ಮನ್ವಿತ್ ನಿಂತುಬಿಡುತ್ತಾನೆ
ನೊರೆಯ ಗುಳ್ಳೆಯೊಳಗೆ ಕಿಟಕಿ ನೋಡುತ್ತ.
ಆರಕ್ಕೆ ಹೋಗಲು ಮೂರು ವಾರ ಹಿಡಿಯಿತು.
ಸತ್ಯ ಹೇಳುತ್ತೇನೆ,
ಆ ಮೂರು ವಾರ ನಾನೂ ಕಿಟಕಿಯನ್ನೇ ನೋಡಿದೆ.

ಒಂದೇ ಭಾಷೆ ಮಾತಾಡಿ
ಎಂದಿದ್ದರು ಮೊದಲು ನೋಡಿದ ಡಾಕ್ಟರು.
ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ,
ದೋಣಿಯಲ್ಲಿ ಬ್ಯಾರಿ, ಟೀಚರ್ ಫೋನಿನಲ್ಲಿ ಕೊಂಕಣಿ,
ಕಾರ್ಡುಗಳ ಮೇಲೆ ಇಂಗ್ಲಿಷು.
ಒಂದಿಟ್ಟುಕೊಂಡು ಉಳಿದದ್ದು ಹೊಳೆಗೆ ಬಿಡುವುದೇ?
ನನ್ನಮ್ಮ ಮೀನು ಹೆಚ್ಚುತ್ತಲೇ ಅಂದಳು:
"ಅವ ಯಾವ ಭಾಷೆಯಲ್ಲಿ ಸುಮ್ಮನಿದ್ದಾನೆ
ಅದು ಗೊತ್ತಾಗಲಿ ಮೊದಲು."
ಟೀಚರಿಗೆ ಹೇಳಿದೆ. ನಗಲಿಲ್ಲ ಅವರು.
ಮರುವಾರ ಕಾರ್ಡುಗಳಲ್ಲಿ ತುಳು ಇತ್ತು,
ಕೊಂಕಣಿಯವರ ದುಂಡು ಕನ್ನಡ ಅಕ್ಷರದಲ್ಲಿ.

ಆಮೇಲೆ ದೋಣಿಯ ಪಾಠ.
ಮೊದಲ ವಾರ ಕಟ್ಟಿಹಾಕಿದ ದೋಣಿಯಲ್ಲಿ
ಸುಮ್ಮನೆ ಕುಳಿತೆವು ಮೂವರು.
ಎರಡನೇ ವಾರ ಎಂಜಿನ್ ಹತ್ತು ಸೆಕೆಂಡು.
ಬಂದ್. ಒಂದು ನೆಲಗಡಲೆ.
ಮತ್ತೆ ಹತ್ತು. ಮತ್ತೆ ಒಂದು.
ತಾಂಡೇಲ ಹಸನಬ್ಬ ಊಟ ಬಿಟ್ಟು ಬಂದು
ಕೀಲಿ ತಿರುಗಿಸುತ್ತಿದ್ದ, ತೊಟ್ಟಿಲ ಪಕ್ಕ ಕೂತವನ ಹಾಗೆ.
ಡೀಸೆಲ್ ಲೆಕ್ಕ ಕೇಳಿದ್ದಕ್ಕೆ
ಹೊಳೆಗೆ ಉಗಿದು ಆಚೆ ಹೋದ.

ಬಾವ ಒಂದು ಸಂಜೆ ನೋಡಿ
"ಇದು ನಾಯಿಗೆ ಕಲಿಸುವ ಕ್ರಮ ಅಲ್ವಾ ಮಾರಾಯ" ಅಂದ.
ಎರಡು ತಿಂಗಳು ಮಾತು ಬಿಟ್ಟೆ ಅವನ ಹತ್ತಿರ.
ಅವನಿಗಿಂತ ಮೊದಲೇ
ನನ್ನೊಳಗೆ ಆ ಮಾತು ಬಂದು ಕೂತಿತ್ತು, ಅದಕ್ಕೆ.

ಸುಗಂಧಿ ಬೀಡಿ ಕಟ್ಟುತ್ತ ಕಾಯುವುದು ಕಲಿಸಿದಳು.
ಐದು ಬೀಡಿ ಆಗುವ ತನಕ ಕಾಯಿ. ಹತ್ತು. ಒಂದು ಕಟ್ಟು.
ನಾವು ಕಾದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.
ಕಡಲೆ ತೋರಿಸಿ "ಬೋಡಾ?"
ಬಾಳೆಹಣ್ಣು ತೋರಿಸಿ "ಬೋಡಾ?"
ಬೋಡು ಎಂಬ ಒಂದು ಮಾತಿಗೆ
ಎರಡು ವರ್ಷ, ಒಂದು ತಿಂಗಳು.

ಮೊನ್ನೆ ಶನಿವಾರ, ಮೂರೂವರೆಯ ದೋಣಿ, ಆಚೆಯಿಂದ ಈಚೆಗೆ.
ಜನ, ಐಸು ಪೆಟ್ಟಿಗೆ, ಎರಡು ಸೈಕಲ್ಲು.
ಟಿಕೆಟ್ ಹರಿಯುತ್ತ ಅವನ ಹತ್ತಿರ ಬಂದೆ,
ರೂಢಿಬಲ, ಕಡಲೆ ಚಾಚಿದೆ. "ಬೋಡಾ?"
ಅವ ದೋಣಿಯ ಹಿಂದೆ ಸೀಳುವ ನೀರು ನೋಡುತ್ತಿದ್ದ.
ನನ್ನ ಮಣಿಕಟ್ಟು ಹಿಡಿದು, ಮೆಲ್ಲ ಪಕ್ಕಕ್ಕೆ ಸರಿಸಿ
"ಬೊಡ್ಚಿ" ಅಂದ.

ಎಂಜಿನ್ ಗದ್ದಲದಲ್ಲಿ ಬೇರಾರಿಗೂ ಕೇಳಿಸಲಿಲ್ಲ.
ಸುಗಂಧಿ ಸೆರಗು ಬಾಯಿಗೆ ಒತ್ತಿಕೊಂಡಳು.
ಕಟ್ಟಿನ ಮೇಲಿನ ಟಿಕೆಟ್ ಮಗುಚಿ ಬರೆದೆ:
ಗಂಟೆ, ವಾರ, ಮಾತು.
ಪ್ಲಸ್ಸೋ ಮೈನಸ್ಸೋ ತಿಳಿಯದೆ ಅಷ್ಟು ಜಾಗ ಬಿಟ್ಟೆ.
ಅಷ್ಟರಲ್ಲಿ ಯಾರೋ ಹತ್ತರ ನೋಟು ಚಾಚಿದರು.

"ಬೇಡ ಅನ್ನಲು ಬಂತಲ್ಲ,
ಇನ್ನು ಕಚ್ಚಿ ಹೇಳಬೇಕಿಲ್ಲ ಅವನಿಗೆ" ಅಂದರು ಟೀಚರ್.
ಎಲ್ಲಿ, ಬರೆದದ್ದು ಕೊಡಿ ಅಂದರು.
ಜೇಬು, ಚೀಲ, ದೋಣಿಯ ತಳ
ಎಲ್ಲ ಹುಡುಕಿದೆ.

ಮೊನ್ನೆ ಆ ದೋಣಿಯಲ್ಲಿ ದಾಟಿದವರು
ನಿಮ್ಮಲ್ಲಿ ಯಾರಾದರೂ ಇದ್ದರೆ
ಅಂಗಿ ಒಗೆಯಲು ಹಾಕುವ ಮೊದಲು
ದಯವಿಟ್ಟು ಜೇಬು ನೋಡಿ.