ಖಾಲಿ ಜಾಗ

ನವನಗರ ಕೋರ್ಟಿನ ಬೇವಿನ ಗಿಡದ ಬುಡಕ
ನನ್ನ ಟೈಪ್‌ರೈಟರ್ ಇಪ್ಪತ್ತಾರು ವರ್ಷ ಕುಂತೈತಿ.
ಹುಂಡೇಕಾರ ವಕೀಲರ ದಾವೆ, ತಕರಾರು, ವಕಾಲತ್ತು
ಎಲ್ಲಾ ಇದರ ಹಲ್ಲಿನಿಂದನ ಬಂದಾವು.
ನೀಲಗಂಗವ್ವ ಅವರ ಮ್ಯಾಲೆ ಬರೆಸಿದ ದೂರೂ.

ಮುಳುಗಿದ ನಾಲ್ಕೆಕರೆಗೆ ಹೆಚ್ಚಿನ ಪರಿಹಾರ
ಬಂದು ಮೂರು ವರ್ಷ. ಆಕಿಗೆ ಮುಟ್ಟಿರಲಿಲ್ಲ.
‘ಹೊಳಿ ತಗೊಂಡಾಗ ನೋಟಿಸರ ಕೊಟ್ಟಿತ್ತು’
ಅಂದಿದ್ದಳು, ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರಸ್ತ.
ಅದನ್ನ ನಾ ಹೊಡೀಲಿಲ್ಲ.
ದೂರಿನ್ಯಾಗ ಅಂಥಾದ್ದು ಬರಿಯೂದಿಲ್ಲ.

ಇವತ್ತು ಅವರ ಬಂದ್ರು,
ಸನದು ರದ್ದಾಗಿ ಹದಿಮೂರನೇ ದಿನ.
ಬಿಳೇ ಪಟ್ಟಿ ಇಲ್ಲದ ಆ ಕೊರಳು
ನಾ ಎಂದೂ ನೋಡಿರಲಿಲ್ಲ. ಒಂದು ಮಚ್ಚಿ ಇತ್ತು.
‘ಅಪೀಲು’ ಅಂದ್ರು.
ನಿಂತ ಹೇಳಿದ್ರು, ಮೊದಲಿನಂಗ, ಅಲ್ಪವಿರಾಮ ಸಮೇತ.

ಹೆಸರು. ತಂದಿ ಹೆಸರು. ವಯಸ್ಸು ಐವತ್ತೊಂಬತ್ತು.
ಉದ್ಯೋಗ ಅನ್ನೂ ಕಡೆ ನನ್ನ ಬೆರಳು
ರೂಢಿಲೆ ‘ವ’ ಮ್ಯಾಲೆ ಹೋಗಿತ್ತು.
‘ತಡಿ.’
ಗಿಡದಾಗ ಒಂದು ಅಳಿಲು ಓಡ್ತು.
‘ಅಲ್ಲಿ ಜಾಗಾ ಬಿಡು.’

ಸ್ಪೇಸ್ ಬಾರ್ ಎಂಟು ಸಲ ಒತ್ತಿದೆ.
ಕಾರ್ಬನ್ ಎತ್ತಿ ನೋಡಿದರ
ಮೂರೂ ಪ್ರತಿಯೊಳಗ ಅಷ್ಟಗಲನ ಬಿಳಿ.

ಪುಟಕ್ಕ ಇಪ್ಪತ್ತು.
ಈ ಸಲ ಚೌಕಾಸಿ ಮಾಡಲಿಲ್ಲ ಅವರು.