ಹದಿನಾಲ್ಕರ ಸ್ಪ್ಯಾನರು

ಹೆಡ್‌ಲೈಟಿನ ಬಟ್ಟಲಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.
ಚಿಕ್ಕಪ್ಪನ ಕೊಟ್ಟಿಗೆಯಿಂದ ಎಳೆದು ತಂದೆವು
ಬಾಲತೋನ್ ಸರೋವರದ ಈ ದಡಕ್ಕೆ,
ಪನ್ನೋನಿಯಾ ಬೈಕು, ನಮಗಿಂತ ಎರಡು ವರ್ಷ ಹಿರಿದು.

ಆ ಚಳಿಗಾಲ ನಾನೂ ದೆಜೋನೂ ಮಾತು ಬಿಟ್ಟಿದ್ದೆವು.
ಯಾಕೆಂದು ಕೇಳಬೇಡಿ, ಇಬ್ಬರಿಗೂ ಈಗ ನೆನಪಿಲ್ಲ
(ನನಗಿದೆ).

ಶೆಡ್ಡಿನಲ್ಲಿ ಮಾತ್ರ ಬಾಯಿ ತೆರೆಯಬೇಕಾಗುತ್ತಿತ್ತು.
‘ಹದಿನಾಲ್ಕು’ ಅಂದರೆ ಸ್ಪ್ಯಾನರು ಕೈಗಿಡುವನು,
‘ಬೆಳಕು’ ಅಂದರೆ ಲಾಂದ್ರ ಸರಿಸುವನು.
‘ಹಿಡಿ.’
ಹಿಡಿದುಕೊಂಡೇ ನಿಂತಿರುತ್ತಿದ್ದ, ಬಿಡು ಅನ್ನುವವರೆಗೂ.

ಕಾರ್ಬುರೇಟರಿನ ಜೆಟ್ಟು ಕಳೆದು, ವಾರವಿಡೀ ಹುಡುಕಿ,
ಸಿಕ್ಕಿದ್ದು ಅವನು ಸುಟ್ಟ ಗಸಗಸೆ ಸುರುಳಿಯಲ್ಲಿ,
ನನ್ನ ದವಡೆಹಲ್ಲಿನಡಿ.
ಅವನು ನಕ್ಕ. ಹಲ್ಲು ಹಿಡಿದುಕೊಂಡೇ ನಾನೂ.

ಮೇ ತಿಂಗಳು. ಹನ್ನೊಂದನೇ ಒದೆತಕ್ಕೆ
ಕೆಮ್ಮಿ, ನೀಲಿ ಹೊಗೆ ಕಾರಿ, ಉಸಿರು ಹಿಡಿಯಿತು.
ಹ್ಯಾಂಡಲು ನನ್ನದು. ಹಿಂದೆ ಅವನು,
ನನ್ನ ಕೋಟಿನ ಜೇಬುಗಳಲ್ಲಿ ಕೈ ತೂರಿಸಿ.
ದ್ರಾಕ್ಷಿ ತೋಟದ ಏರಿನಲ್ಲಿ ಬೈಕು ಇದ್ದಕ್ಕಿದ್ದಂತೆ ಗುಡುಗತೊಡಗಿತು;
ಅವನೇನೋ ಕೂಗಿದ, ಕೂಗಿದ, ಭುಜ ಗುದ್ದಿದ.
ಪ್ರೀತಿಯೇ ಇರಬೇಕೆಂದು ಇನ್ನಷ್ಟು ಗ್ಯಾಸು ಕೊಟ್ಟೆ.

ನಿಲ್ಲಿಸಿದಾಗ ತಿಳಿಯಿತು,
ಸೈಲೆನ್ಸರು ಎರಡು ತಿರುವಿನ ಹಿಂದೆಯೇ ಉದುರಿತ್ತು.

ಇಳಿದು ಹುಡುಕಿದೆವು. ಹುಲ್ಲಲ್ಲಿ ಬಿದ್ದಿತ್ತು, ಸುಡುಸುಡು.
ಟೋಪಿ ತೆಗೆದು ಸುತ್ತಿಕೊಂಡ, ಮಗುವಿನ ಹಾಗೆ.
‘ಹದಿನಾಲ್ಕು ತಂದಿದ್ದೀಯಾ?’ ಅಂದೆ.
ಮನೆಯಲ್ಲಿತ್ತು.