ಒಂದು ಟ್ಯಾಬ್ ಒಳಗೆ

ಸುಲ್ತಾನ್‌ಪೇಟೆಯಲ್ಲಿ ಏಣಿಯಂಥ ಮೆಟ್ಟಿಲು ಹತ್ತಿದರೆ
ನಾನು ಕೂರುವ ಮದುವೆ ಕಾರ್ಡಿನ ಅಂಗಡಿ.
ಹಗಲೆಲ್ಲ ಚಿನ್ನದ ರೇಕು, ಮಾವಿನ ತೋರಣ,
ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂಬ ವಾದ.
ಫಾಂಟುಗಳೆಲ್ಲ ಜರಿಪೇಟ ಸುತ್ತಿಕೊಂಡೇ ನಿಲ್ಲುವಂಥವು.

ನನ್ನ ಕಡತಕ್ಕೆ ಮಾತ್ರ ಉಡುಪಿಲ್ಲ.
ಕಪ್ಪು ಕಿಟಕಿ, ಬಿಳಿ ಅಕ್ಷರ.

ಪ್ರಿಂಟರ್ ರಿಪೇರಿಗೆ ಬಂದ ಅಫ್ರೋಜ್
ಟೀ ಆರುವಷ್ಟರಲ್ಲಿ ಹಾಕಿಕೊಟ್ಟ ಪ್ಲಗಿನ್ನು.
"ಇದಕ್ಕೆ ಜಾಸ್ತಿ ಏನೂ ಬರಲ್ಲ ಅಕ್ಕಾ.
ಟ್ಯಾಬ್ ಒತ್ತಿದ್ರೆ ಸಾಲು ಒಳಗೆ ಹೋಗತ್ತೆ,
ಈ ಕೀ ಒತ್ತಿದ್ರೆ ಮಡಚ್ಕೊಳತ್ತೆ."
ಇನ್ನೂರು ಸಾಲಿನ ಪ್ರೋಗ್ರಾಮಂತೆ. ಬರೆದವರು
ಯಾರೋ, ಯಾವೂರವರೋ,
ಒಗ್ಗರಣೆಗೆ ಸಾಸಿವೆ ಸಾಕು ಎಂದು ಗೊತ್ತಿದ್ದವರು.

ಆವತ್ತಿನಿಂದ ಹೀಗೆ:

ಗಂಡಿನ ಕಡೆ
    ತಾತ, ದಿವಂಗತ ಚಿಕ್ಕಮುನಿಸ್ವಾಮಪ್ಪ
        ಹಿರೀಮಗ, ದಪ್ಪಕ್ಷರ ಬೇಕು
        ಎರಡನೆಯವರು, ಅಣ್ಣನಷ್ಟೇ ದಪ್ಪ
            ಫೋನು ಮೂರು ಸಲ
        ಮಗಳು, ಬೇಡ ಅಂದರು
            ಆಮೇಲೆ ಇರಲಿ ಅಂದರು

ಕನ್ನಡ ತಿದ್ದಿದ ಕೈಗೆ ಇದೇನು ಹೊಸದೆ?
ಅಕ್ಷರದ ಕೆಳಗೆ ಅಕ್ಷರ ಕೂರುತ್ತದೆ.
ಮೇಲಿನದಕ್ಕೆ ತಲೆಕಟ್ಟು, ಕೆಳಗಿನದು ಬೋಳುತಲೆ;
ಆ ಬೋಳುತಲೆಯನ್ನು ತೆಗೆದು ನೋಡಿ,
ಅಕ್ಕ ಹೋಗಿ ಬರೀ ಅಕ.

ಕಿಟಕಿಯ ಚೌಕಗಳು ನಮ್ಮ ಅಳತೆಗೆ ಹೊಲಿದವಲ್ಲ.
ಮಾರ್ಕೆಟ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವರಂತೆ
ಒತ್ತುಗಳು ಪಕ್ಕದವರ ಮೇಲೆ ವಾಲುತ್ತವೆ.
ಇರಲಿ. ಓದಲಿಕ್ಕೆ ಬರುತ್ತದೆ.

ಸಂಜೆ ಎಲ್ಲ ಮಡಚುತ್ತೇನೆ.
ಒಂದು ಮನೆತನ, ಒಂದು ಗೆರೆ:
ಗಂಡಿನ ಕಡೆ, ನಲವತ್ತೊಂದು ಸಾಲು.
ಸೀರೆ ಮಡಚಿದಂತೆ ಅನ್ನಲಾರೆ,
ಸೀರೆಯೊಳಗೆ ಯಾರೂ ಕೂಗಾಡುವುದಿಲ್ಲ.
ಬಾಗಿಲೆಳೆದುಕೊಂಡಂತೆ: ಒಳಗೆ ಜಗಳ ನಡೆದೇ ಇದೆ,
ಹೊರಗೆ ಮನೆ ನಂಬರು.

ಕಳೆದ ಮಾಘದಲ್ಲಿ ಭವಿತ ಬಂದಳು,
ಮದುಮಗಳು, ಒಬ್ಬಳೇ, ಕೈಯಲ್ಲಿ ಪ್ರೂಫು.
"ಇನ್ನೊಂದು ಹೆಸರು ಸೇರಿಸಬೇಕು. ಪಿಳ್ಳಮ್ಮ."
ಯಾರ ಕೆಳಗೆ?
"ಯಾರ ಕೆಳಗೂ ಅಲ್ಲ."
ಏನಾಗಬೇಕು?
"ವಠಾರದಲ್ಲಿ ಪಕ್ಕದ ಮನೆ. ಸ್ಕೂಲಿಂದ ಬಂದ್ರೆ
ಅನ್ನ ಕಲಸಿ ಇಟ್ಟಿರೋರು. ಹನ್ನೊಂದು ವರ್ಷ."

ಸೋದರತ್ತೆಯ ಕೆಳಗಿಟ್ಟೆ. ತಲೆಯಾಡಿಸಿದಳು.
ಒಂದು ಟ್ಯಾಬ್ ಹೊರಗೆ ತಂದೆ, ಅಜ್ಜಿಯ ಸಾಲಿಗೆ.
"ಅಜ್ಜಿಗೆ ಅವರ ನೀರೂ ಆಗ್ತಿರಲಿಲ್ಲ."
ಇನ್ನೂ ಹೊರಗೆ, ಇನ್ನೂ ಹೊರಗೆ,
ಎಡದಂಚಿಗೆ ತಾಗಿ ನಿಂತಿತು ಹೆಸರು.
ಅದಕ್ಕಿಂತ ಆಚೆ ಒತ್ತಿದರೂ ಕದಲುವುದಿಲ್ಲ,
ಕೀಲಿ ಮಾತ್ರ ಟಕ್ಕೆನ್ನುತ್ತದೆ.

ಮಾರನೆಯ ದಿನ ಅವಳಪ್ಪ ಬಂದರು.
ಕೆಂಪು ಪೆನ್ನಿನ ಒಂದೇ ಗೀಟು. ಮಾತಿಲ್ಲ.
ಆರುನೂರು ಕಾರ್ಡು ಅಚ್ಚಾದವು. ದುಡ್ಡು ಪೂರ್ತಿ ಕೊಟ್ಟರು,
ಚೌಕಾಸಿ ಕೂಡ ಮಾಡದೆ.

ಮೊನ್ನೆ ಹಳೆಯದನ್ನೆಲ್ಲ ಮಡಚುತ್ತಾ ಬಂದೆ.
ಮನೆಗಳು ಒಂದೊಂದೇ ಮುಚ್ಚಿಕೊಂಡವು.
ಪಿಳ್ಳಮ್ಮ ಮಾತ್ರ ಮಡಚಲಿಲ್ಲ.
ಮೇಲೆ ಯಾರಿಲ್ಲ, ಕೆಳಗೆ ಏನಿಲ್ಲ,
ಖಾಲಿ ಕೈಯನ್ನು ಹೇಗೆ ಮುಚ್ಚುವುದು?

ಎಂಟರ್ ಒತ್ತಿದೆ. ಟ್ಯಾಬ್.

ಪಿಳ್ಳಮ್ಮ
    ಅನ್ನ ಕಲಸಿ ಇಡುತ್ತಿದ್ದರು
        ಭವಿತ

ಯು.ಪಿ.ಎಸ್. ಕುಂಯ್‌ಗುಟ್ಟಿತು. ಸೇವ್ ಮಾಡಿದೆ.
ಕೆಳಗೆ ವೆಂಕಟಾಚಲಯ್ಯ ಷಟರ್ ಅರ್ಧ ಎಳೆದು
"ಇನ್ನೂ ಮುಗೀಲಿಲ್ವಾ?" ಎಂದು ಕೂಗಿದ.
ಬಂದೆ, ಅಂದೆ.
ಬೆಳಕಿನ ಕಡ್ಡಿ ಭವಿತಳ ಪಕ್ಕ
ಮಿನುಗುತ್ತಿತ್ತು, ಇನ್ನೊಂದು ಸಾಲಿಗೆ ಕಾಯುವಂತೆ.